ಒಂದು ಲೋಟ ಹಾಲಿನ ಲೆಕ್ಕ

ಮಕ್ಕಳೇ, 1960ರಲ್ಲಿ ಇಂಗ್ಲೆಂಡಿನ ಕೋಳಿ ಸಾಕುವವರಿಗೆ ದೊಡ್ಡ ಆಪತ್ತು ಬಂತು. ಎಳೆ ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಮೇವು ಬಿಟ್ಟವು, ರೆಕ್ಕೆ ಜೋತುಬಿಟ್ಟು ಮುದುರಿ ಕೂತವು, ನೋಡನೋಡುತ್ತ ಸಾಯತೊಡಗಿದವು. ಕೆಲವೇ ತಿಂಗಳಲ್ಲಿ ಸುಮಾರು ಒಂದು ಲಕ್ಷ ಹಕ್ಕಿಗಳು ಹೋದವು. ವೈದ್ಯರು ಎಷ್ಟು ಹುಡುಕಿದರೂ ಯಾವ ರೋಗಾಣುವೂ ಸಿಗಲಿಲ್ಲ. ಕಾರಣ ತಿಳಿಯದ್ದರಿಂದ ಅದಕ್ಕೆ 'ಟರ್ಕಿ ಎಕ್ಸ್ ರೋಗ' ಎಂದು ಹೆಸರಿಟ್ಟು ಸುಮ್ಮನಾಗಬೇಕಾಯಿತು.

ಗುಟ್ಟು ರಟ್ಟಾದದ್ದು ಒಂದು ಸಾದಾ ಪ್ರಶ್ನೆಯಿಂದ. ಸತ್ತ ಹಕ್ಕಿಗಳು ಏನು ತಿಂದಿದ್ದವು? ಒಂದೊಂದು ಫಾರಂನ ಮೇವಿನ ಜಾಡು ಹಿಡಿದು ಹೋದಾಗ ಬ್ರೆಜಿಲ್ ದೇಶದಿಂದ ತರಿಸಿದ ಕಡಲೆಕಾಯಿ ಹಿಂಡಿ ಸಿಕ್ಕಿತು. ಆ ಹಿಂಡಿಗೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಹಿಡಿದಿತ್ತು. ಬೂಷ್ಟು ತಾನು ಬೆಳೆಯುತ್ತ ಅದರಲ್ಲಿ ಒಂದು ವಿಷ ಬಿಟ್ಟಿತ್ತು. ಆ ವಿಷಕ್ಕೆ ಈಗ ಅಫ್ಲಾಟಾಕ್ಸಿನ್ ಎನ್ನುತ್ತೇವೆ.

ಕೋಳಿಯ ಕಥೆ ನಮಗೇಕೆ ಎನ್ನಬೇಡಿ. 1974ರಲ್ಲಿ ನಮ್ಮ ದೇಶದಲ್ಲೇ, ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸ್‌ವಾಡಾ ಜಿಲ್ಲೆಗಳ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಹತ್ತಿತು, ಹೊಟ್ಟೆ ಊದಿಕೊಂಡಿತು. ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ವಿಚಿತ್ರವೆಂದರೆ ನಾಯಿಗಳೂ ಕಾಯಿಲೆ ಬಿದ್ದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳಿಗೆ ನಾಯಿಗಳೇ ಒಳ್ಳೆಯ ಸುಳಿವು ಕೊಟ್ಟವು. ಮನೆಯವರೂ ನಾಯಿಯೂ ಹಂಚಿಕೊಳ್ಳುವುದು ಊಟವನ್ನಲ್ಲವೇ? ಕಟಾವಿನ ಹೊತ್ತಿಗೆ ಮಳೆಗೆ ನೆಂದು, ಸರಿಯಾಗಿ ಒಣಗದೆ ಉಳಿದಿದ್ದ ಮೆಕ್ಕೆಜೋಳ ಬೂಷ್ಟು ಹಿಡಿದಿತ್ತು. ಬೇರೆ ಧಾನ್ಯ ಕೊಳ್ಳಲಾಗದ ಬಡವರು ಅದನ್ನೇ ತಿಂದಿದ್ದರು.

ವಿಜ್ಞಾನಿಗಳು ಅಲ್ಲಿ ಎರಡು ಕೆಲಸ ಮಾಡಿದರು. ಮೊದಲನೆಯದು, ಮನೆಗಳಿಂದ ಮೆಕ್ಕೆಜೋಳ ತಂದು ಪರೀಕ್ಷಿಸಿದ್ದು. ಕಿಲೋ ಮೆಕ್ಕೆಜೋಳದಲ್ಲಿ ಸುಮಾರು 6ರಿಂದ 15 ಮಿಲಿಗ್ರಾಂ ವಿಷ ಕಂಡುಬಂತು. ಎರಡನೆಯದು, ಅಲ್ಲಿನವರು ದಿನಕ್ಕೆ ಎಷ್ಟು ಮೆಕ್ಕೆಜೋಳ ತಿನ್ನುತ್ತಾರೆ ಎಂದು ನೋಡಿದ್ದು. ಎರಡನ್ನೂ ಗುಣಿಸಿದಾಗ ಒಬ್ಬೊಬ್ಬರ ಹೊಟ್ಟೆಗೆ ದಿನಕ್ಕೆ 2ರಿಂದ 6 ಮಿಲಿಗ್ರಾಂ ಅಫ್ಲಾಟಾಕ್ಸಿನ್, ಅದೂ ವಾರಗಟ್ಟಲೆ ಹೋಗಿರಬೇಕು ಎಂಬ ಲೆಕ್ಕ ಸಿಕ್ಕಿತು.

ಆಹಾರದಲ್ಲಿರುವ ಯಾವುದೇ ರಾಸಾಯನಿಕದಿಂದ ಎಷ್ಟು ಅಪಾಯ ಎಂದು ಹೇಳುವವರು ಇವತ್ತಿಗೂ ಮಾಡುವುದು ಇದೇ ಗುಣಾಕಾರ. ಆಹಾರದಲ್ಲಿ ಅದು ಎಷ್ಟಿದೆ, ನಾವು ಆ ಆಹಾರವನ್ನು ಎಷ್ಟು ತಿನ್ನುತ್ತೇವೆ, ಕೊನೆಗೆ ಭಾಗಿಸಲು ನಮ್ಮ ತೂಕ ಎಷ್ಟು. ಮೂರನೇ ತರಗತಿಯ ಮಗುವೂ ಮಾಡಬಹುದಾದ ಲೆಕ್ಕ. ಆದರೆ ಗುಣಿಸಬೇಕಾದ ಸಂಖ್ಯೆಗಳನ್ನು ಎಲ್ಲಿಂದ ತರುವುದು? ಅದೇ ಕಷ್ಟ. ಪ್ರಯೋಗಾಲಯದ ಯಂತ್ರಕ್ಕಿಂತ ಆ ಸಂಖ್ಯೆಗಳ ಹುಡುಕಾಟವೇ ನನಗೆ ಹೆಚ್ಚು ಕುತೂಹಲದ ವಿಷಯ.

ಉದಾಹರಣೆಗೆ ನೀವು ಬೆಳಿಗ್ಗೆ ಕುಡಿದ ಹಾಲನ್ನೇ ತೆಗೆದುಕೊಳ್ಳೋಣ. ಹಾಲಿಗೂ ಬೂಷ್ಟಿಗೂ ಏನು ಸಂಬಂಧ? ಹಸು ಹಿಂಡಿ ತಿನ್ನುತ್ತದೆ, ಮೆಕ್ಕೆಜೋಳದ ನುಚ್ಚು ತಿನ್ನುತ್ತದೆ. ಅದಕ್ಕೆ ಬೂಷ್ಟು ಹಿಡಿದಿದ್ದರೆ ಅಫ್ಲಾಟಾಕ್ಸಿನ್ ಬಿ1 ಎಂಬ ವಿಷ ಹಸುವಿನ ಹೊಟ್ಟೆ ಸೇರುತ್ತದೆ. ಹಸುವಿನ ಯಕೃತ್ತು ಅದನ್ನು ಸ್ವಲ್ಪ ಬದಲಾಯಿಸಿ ಎಂ1 ಎಂಬ ಇನ್ನೊಂದು ವಸ್ತುವಾಗಿ ಮಾಡುತ್ತದೆ. ತಿಂದದ್ದರಲ್ಲಿ ನೂರಕ್ಕೆ ಒಂದೆರಡು ಪಾಲು, ಜಾಸ್ತಿ ಹಾಲು ಕೊಡುವ ಹಸುವಾದರೆ ಇನ್ನೂ ಹೆಚ್ಚು, ಹೀಗೆ ಎಂ1 ಆಗಿ ಹಾಲಿಗೆ ಇಳಿಯುತ್ತದೆ. ಒಂದೇ ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಕಾಯಿಸಿದರೆ ಹೋಗುವುದಿಲ್ಲವೇ ಎಂದು ಕೇಳುತ್ತೀರಿ, ಗೊತ್ತು. ಹೋಗುವುದಿಲ್ಲ. ಕಾಯಿಸಿದರೆ ಸಾಯುವುದು ಜೀವಾಣು. ಎಂ1 ಜೀವಿಯಲ್ಲ, ಅಣು. ಹಾಲು ಕುದಿಯುವ ಬಿಸಿ ಅದಕ್ಕೆ ಲೆಕ್ಕಕ್ಕೇ ಇಲ್ಲ.

ನಮ್ಮ ದೇಶದಲ್ಲಿ ಒಂದು ಕಿಲೋ ಹಾಲಿನಲ್ಲಿ ಎಂ1 ಅರ್ಧ ಮೈಕ್ರೋಗ್ರಾಂ ಮೀರಬಾರದು ಎಂಬ ಮಿತಿ ಇದೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ಅದರಲ್ಲೂ ಅರ್ಧ! ರಸ್ತೆಯಲ್ಲಿ ಹೋಗುವ ಹಾಲಿನ ಟ್ಯಾಂಕರ್ ನೋಡಿದ್ದೀರಲ್ಲ, ಹತ್ತು ಸಾವಿರ ಲೀಟರಿನದು? ಅದರ ಅಷ್ಟೂ ಹಾಲಿನಲ್ಲಿ ಒಟ್ಟು 5 ಮಿಲಿಗ್ರಾಂ ಇದ್ದರೆ ಮಿತಿ ಮುಟ್ಟಿತು ಎಂದರ್ಥ. ಅಂದರೆ ಕೆಲವೇ ಸಕ್ಕರೆ ಹರಳುಗಳ ತೂಕ.

ಇಷ್ಟು ಸಣ್ಣದನ್ನು ಹುಡುಕುವುದು ಹೇಗೆ? ಮೊದಲು ಹಾಲನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಕೊಬ್ಬನ್ನು ಬೇರ್ಪಡಿಸುತ್ತಾರೆ. ಉಳಿದ ತಿಳಿಯನ್ನು ಬೆರಳುದ್ದದ ಕೊಳವೆಯೊಳಗೆ ಹನಿಹನಿಯಾಗಿ ಇಳಿಸುತ್ತಾರೆ. ಆ ಕೊಳವೆಯಲ್ಲಿ ಪ್ರತಿಕಾಯಗಳನ್ನು ಅಂಟಿಸಿದ ಸಣ್ಣ ಮಣಿಗಳಿರುತ್ತವೆ. ಹಾಲಿನ ಸಕ್ಕರೆ, ಪ್ರೋಟೀನು, ಲವಣ ಎಲ್ಲ ಜಾರಿ ಕೆಳಗೆ ಹೋಗುತ್ತವೆ. ಎಂ1 ಅಣುಗಳನ್ನು ಮಾತ್ರ ಪ್ರತಿಕಾಯ ಹಿಡಿದು ನಿಲ್ಲಿಸುತ್ತದೆ. ಆಮೇಲೆ ಒಂದಿಷ್ಟು ದ್ರಾವಕ ಹಾಕಿ ಅವನ್ನು ಬಿಡಿಸಿಕೊಂಡು ಎಚ್‌ಪಿಎಲ್‌ಸಿ ಎಂಬ ಯಂತ್ರಕ್ಕೆ ಕೊಡುತ್ತಾರೆ. ನೇರಳಾತೀತ ಬೆಳಕು ಬಿದ್ದರೆ ಎಂ1 ನೀಲಿಯಾಗಿ ಹೊಳೆಯುತ್ತದೆ. ಹೊಳಪು ಎಷ್ಟು ಎಂದು ಅಳೆದರೆ ವಿಷ ಎಷ್ಟು ಎಂದು ತಿಳಿಯಿತು.

ಸರಿ, ಒಂದು ಬಾಟಲಿ ಹಾಲಿನ ಸಂಖ್ಯೆ ಸಿಕ್ಕಿತು. ದೇಶದ ಹಾಲಿನ ಸಂಖ್ಯೆ? ಆಹಾರ ಸುರಕ್ಷತಾ ಅಧಿಕಾರಿಗಳು ವರ್ಷವಿಡೀ ಅಂಗಡಿಗಳಿಂದ ಮಾದರಿ ತೆಗೆಯುತ್ತಲೇ ಇರುತ್ತಾರೆ. ಕಾನೂನಿನ ಪ್ರಕಾರ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ, ಒಂದೊಂದಕ್ಕೂ ಮೊಹರು ಹಾಕಿ, ಒಂದನ್ನು ವಿಶ್ಲೇಷಕರಿಗೆ ಕಳಿಸಬೇಕು. ಉಳಿದವು ತಕರಾರು ಬಂದರೆ ಮತ್ತೆ ಪರೀಕ್ಷಿಸಲು. ಆ ಕಡತಗಳಲ್ಲಿ ಸಾವಿರಾರು ಸಂಖ್ಯೆಗಳಿವೆ. ಅವನ್ನೇ ತಂದು ಸರಾಸರಿ ತೆಗೆದರಾಯಿತು ಎಂದುಕೊಂಡರೆ ಮೋಸಹೋದಿರಿ. ಅಧಿಕಾರಿ ಎಲ್ಲಿಗೆ ಹೋಗುತ್ತಾರೆ? ಎಲ್ಲಿ ಅನುಮಾನವಿದೆಯೋ, ಯಾರ ಮೇಲೆ ದೂರು ಬಂದಿದೆಯೋ ಅಲ್ಲಿಗೆ. ಅನುಮಾನದ ಅಂಗಡಿಗಳ ಹಾಲನ್ನಷ್ಟೇ ಪರೀಕ್ಷಿಸಿ ಊರಿನ ಹಾಲೆಲ್ಲ ಹೀಗೇ ಎನ್ನಲಾಗದು. ಕಳ್ಳರನ್ನು ಹಿಡಿಯಲು ತೆಗೆದ ಮಾದರಿ ಬೇರೆ, ಎಲ್ಲರ ಲೋಟದಲ್ಲಿ ಏನಿದೆ ಎಂದು ತಿಳಿಯಲು ತೆಗೆದ ಮಾದರಿ ಬೇರೆ.

ಎರಡನೇ ಬಗೆಯ ಮಾದರಿಗಳ ಸಮೀಕ್ಷೆಯನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2018ರಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿತು. ಐವತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ 1,103 ಊರುಗಳಿಂದ 6,432 ಹಾಲಿನ ಮಾದರಿಗಳನ್ನು ತೆಗೆದರು. ಆಗ ಜನರ ಬಾಯಲ್ಲೆಲ್ಲ ಇದ್ದ ಭಯ ಒಂದೇ: ಹಾಲಿಗೆ ಯೂರಿಯಾ, ಸೋಪಿನ ಪುಡಿ ಬೆರೆಸುತ್ತಾರಂತೆ! ಪರೀಕ್ಷೆಯಲ್ಲಿ ಅಂಥ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು ಕೇವಲ 12 ಮಾದರಿಗಳಲ್ಲಿ. ಮಿತಿ ಮೀರಿದ ಅಫ್ಲಾಟಾಕ್ಸಿನ್ ಎಂ1 ಮಾತ್ರ 368ರಲ್ಲಿತ್ತು. ನಾವು ಹೆದರುತ್ತಿದ್ದದ್ದು ಒಂದಕ್ಕೆ, ಎದುರಾದದ್ದು ಇನ್ನೊಂದು. ಹಾಲಿನವನ ಮೇಲೆ ಕಣ್ಣಿಟ್ಟು ಕೂತಿದ್ದವರು ಹಿಂಡಿಯ ಮೂಟೆಯನ್ನು ನೋಡಿರಲೇ ಇಲ್ಲ.

ಇನ್ನೊಂದು ಸಂಗತಿ ನೋಡಿ. ಸಂಸ್ಕರಿಸಿದ ಹಾಲಿನ 2,607 ಮಾದರಿಗಳಲ್ಲಿ 227 ಮಿತಿ ಮೀರಿದ್ದವು. ಹಸಿ ಹಾಲಿನ 3,825 ಮಾದರಿಗಳಲ್ಲಿ 141 ಮಾತ್ರ. ಕಾಗದ ಪೆನ್ಸಿಲು ತೆಗೆದುಕೊಂಡು ನೂರಕ್ಕೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಒಂದರಲ್ಲಿ ಸುಮಾರು ಒಂಬತ್ತು, ಇನ್ನೊಂದರಲ್ಲಿ ನಾಲ್ಕಕ್ಕೂ ಕಡಿಮೆ. ಪ್ಯಾಕೆಟ್ಟಿನೊಳಗೆ ಹೋಗಿ ಎಂ1 ಹುಟ್ಟುವುದಿಲ್ಲ, ಅದು ಕೊಟ್ಟಿಗೆಯಿಂದಲೇ ಬಂದಿರಬೇಕು. ಹಾಗಾದರೆ ಯಾವ ಹಸು, ಯಾವ ಮೇವು? ಒಳ್ಳೆಯ ಸಮೀಕ್ಷೆ ಉತ್ತರ ಕೊಟ್ಟು ಮುಗಿಯುವುದಿಲ್ಲ, ಮುಂದೆ ಎಲ್ಲಿ ಹುಡುಕಬೇಕು ಎಂದು ತೋರಿಸುತ್ತದೆ.

ಆದರೂ '368 ಮಿತಿ ಮೀರಿವೆ' ಎಂಬುದರಿಂದ ಅಪಾಯದ ಲೆಕ್ಕ ಆಗುವುದಿಲ್ಲ. ತರಗತಿಯಲ್ಲಿ ಎಷ್ಟು ಜನ ಫೇಲಾದರು ಎಂದು ಹೇಳಿದರೆ ನಿಮ್ಮ ಅಂಕ ಎಷ್ಟೆಂದು ತಿಳಿಯುತ್ತದೆಯೇ? ಹಾಗೆಯೇ ಇಲ್ಲಿ ಪ್ರತಿ ಮಾದರಿಯ ಅಂಕ ಬೇಕು, ಪಾಸಾದವುಗಳದ್ದೂ ಬೇಕು. ಮಿತಿಯೊಳಗಿನ ಹಾಲು ಸೊನ್ನೆಯ ಹತ್ತಿರವಿತ್ತೇ, ಮಿತಿಯ ಅಂಚಿನಲ್ಲಿತ್ತೇ? ಬಹಳಷ್ಟು ವರದಿಗಳು ಫೇಲಾದವರ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಜನರ ದುಡ್ಡಿನಲ್ಲಿ ಮಾಡಿದ ಪರೀಕ್ಷೆಯ ಎಲ್ಲ ಸಂಖ್ಯೆಗಳೂ ಜನರಿಗೆ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

'ಪತ್ತೆಯಾಗಿಲ್ಲ' ಎಂಬ ಮಾತನ್ನೂ ನಂಬಿ ಕೂರುವಂತಿಲ್ಲ. ಯಂತ್ರ ಕಾಣಬಲ್ಲ ಅತಿ ಸಣ್ಣ ಪ್ರಮಾಣ ಕಿಲೋಗೆ 0.02 ಮೈಕ್ರೋಗ್ರಾಂ ಎಂದುಕೊಳ್ಳಿ. ಅದಕ್ಕೆ ಏನೂ ಕಾಣಲಿಲ್ಲ. ಹಾಗಾದರೆ ಹಾಲಿನಲ್ಲಿರುವುದು ಸೊನ್ನೆಯೂ ಇರಬಹುದು, 0.019 ಕೂಡ ಇರಬಹುದು. ಲೆಕ್ಕ ಹಾಕುವವರು ಇಲ್ಲಿ ಜಾಣತನ ತೋರುತ್ತಾರೆ: ಒಮ್ಮೆ ಅಂಥ ಎಲ್ಲ ಮಾದರಿಗಳಿಗೂ ಸೊನ್ನೆ ಹಾಕಿ ಕೂಡುತ್ತಾರೆ, ಮತ್ತೊಮ್ಮೆ 0.02 ಹಾಕಿ ಕೂಡುತ್ತಾರೆ. ನಿಜ ಇವೆರಡರ ನಡುವೆ ಎಲ್ಲೋ ಇರುತ್ತದೆ. ಎರಡು ಉತ್ತರಗಳೂ ಹತ್ತಿರ ಬಂದರೆ ಸಮಾಧಾನ. ದೂರ ದೂರ ಬಂದರೆ ಇನ್ನೂ ಚುರುಕಾದ ಯಂತ್ರ ಬೇಕು.

ಹಾಲಿನ ಮಾದರಿ ತೆಗೆಯುವುದೇನೋ ಸುಲಭ, ಚೆನ್ನಾಗಿ ಕಲಕಿದರೆ ಎಲ್ಲ ಹನಿಯೂ ಒಂದೇ. ಕಡಲೆಕಾಯಿ ಮಾತ್ರ ಮಹಾ ತುಂಟ. ಮೂಟೆಯಲ್ಲಿ ಸಾವಿರಾರು ಬೀಜ ಅಚ್ಚುಕಟ್ಟಾಗಿದ್ದು, ಎಲ್ಲೋ ಒಂದೆರಡರಲ್ಲಿ ವಿಷವೆಲ್ಲ ಸೇರಿಕೊಂಡಿರುತ್ತದೆ. ಒಂದು ಹಿಡಿ ತೆಗೆದರೆ ಆ ಬೀಜ ಸಿಗದೇ ಹೋಗಬಹುದು. ಆಗ 'ಒಳ್ಳೆಯ ಮೂಟೆ' ಎನ್ನುತ್ತೀರಿ. ಸಿಕ್ಕಿಬಿಟ್ಟರೆ 'ಪೂರಾ ವಿಷ' ಎನ್ನುತ್ತೀರಿ. ಎರಡೂ ತಪ್ಪು. ಅದಕ್ಕೇ ಅಂತರರಾಷ್ಟ್ರೀಯ ನಿಯಮ ಮಾಡುವ ಕೋಡೆಕ್ಸ್ ಸಂಸ್ಥೆ ಕಡಲೆಕಾಯಿಗೆ 20 ಕಿಲೋ ಮಾದರಿ ಬೇಕು ಎನ್ನುತ್ತದೆ. ರಾಶಿಯ ಬೇರೆ ಬೇರೆ ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಕೂಡಿಸಬೇಕು. ಬೀಜವೊಂದು ಅರ್ಧ ಗ್ರಾಂ ಎಂದರೂ ನಲವತ್ತು ಸಾವಿರ ಬೀಜ! ಅಷ್ಟನ್ನೂ ಅರೆದು, ಚೆನ್ನಾಗಿ ಬೆರೆಸಿ, ಅದರಲ್ಲಿ ಸ್ವಲ್ಪ ಭಾಗ ಮಾತ್ರ ಪರೀಕ್ಷೆಗೆ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ಮುಗಿದದ್ದು ಅರ್ಧ ಲೆಕ್ಕ. ಇನ್ನು ಯಾರು ಎಷ್ಟು ತಿನ್ನುತ್ತಾರೆ? ಇದಕ್ಕೆ ಯಂತ್ರವಿಲ್ಲ, ಮನೆಮನೆಗೆ ಹೋಗಿ ಕೇಳಬೇಕು. 1972ರಲ್ಲಿ ಶುರುವಾದ ರಾಷ್ಟ್ರೀಯ ಪೋಷಣಾ ಮೇಲ್ವಿಚಾರಣಾ ಬ್ಯೂರೋದ ಕಾರ್ಯಕರ್ತರು ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಈ ಕೆಲಸ ಮಾಡುತ್ತಿದ್ದರು. ಅಳತೆಯ ಬಟ್ಟಲುಗಳನ್ನು ಜೋಡಿಸಿಟ್ಟುಕೊಂಡು ಮನೆಯ ಯಜಮಾನಿಯ ಎದುರು ಕೂರುವುದು. 'ನಿನ್ನೆ ಬೆಳಿಗ್ಗೆ ಏನು ಮಾಡಿದ್ರಿ ತಾಯಿ? ಮಗುವಿಗೆ ಎಷ್ಟು ಸಾರು ಹಾಕಿದ್ರಿ, ಈ ಬಟ್ಟಲಿನಷ್ಟೋ, ಆ ಬಟ್ಟಲಿನಷ್ಟೋ?' ಹೀಗೆ ಹಿಂದಿನ ಇಪ್ಪತ್ನಾಲ್ಕು ಗಂಟೆಯ ಊಟವನ್ನೆಲ್ಲ ಬರೆದುಕೊಳ್ಳುವುದು. ಯಾರೂ ಬೆನ್ನು ತಟ್ಟದ ಕೆಲಸ, ಆದರೆ ಅದಿಲ್ಲದೆ ಪ್ರಯೋಗಾಲಯದ ಸಂಖ್ಯೆಗೆ ಅರ್ಥವೇ ಇಲ್ಲ. ಆ ಬ್ಯೂರೋವನ್ನು 2015ರಲ್ಲಿ ಮುಚ್ಚಿದ್ದು ನನ್ನ ಮಟ್ಟಿಗೆ ದೊಡ್ಡ ನಷ್ಟ.

ಏಕೆಂದರೆ ಸರಾಸರಿ ಎಂಬುದು ಬಹಳಷ್ಟನ್ನು ಮುಚ್ಚಿಬಿಡುತ್ತದೆ. ಮಂಡ್ಯದ ಮನೆಯಲ್ಲಿ ರಾಗಿ ಮುದ್ದೆ, ಕಲಬುರಗಿಯಲ್ಲಿ ಜೋಳದ ರೊಟ್ಟಿ, ಮಂಗಳೂರಿನಲ್ಲಿ ಕುಚಲಕ್ಕಿ ಅನ್ನ. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ಶೇಂಗಾ (ಕಡಲೆಕಾಯಿ) ಚಟ್ನಿಪುಡಿ ದಿನವೂ ಬೇಕು, ಹಬ್ಬಕ್ಕೆ ಶೇಂಗಾ ಹೋಳಿಗೆ ಬೇಕು. ಇಡೀ ರಾಜ್ಯದ ಸರಾಸರಿ ತೆಗೆದರೆ ಈ ಶೇಂಗಾ ಪ್ರಿಯರು ಎಲ್ಲಿ ಹೋದರೋ ಗೊತ್ತಾಗುವುದಿಲ್ಲ. ಅಪಾಯವಿದ್ದರೆ ಮೊದಲು ತಟ್ಟುವುದು ಅವರಿಗೇ ತಾನೆ? ಆದ್ದರಿಂದ ವಿಜ್ಞಾನಿಗಳು ಸರಾಸರಿಯ ಜೊತೆಗೆ ಅತಿ ಹೆಚ್ಚು ತಿನ್ನುವವರ ಲೆಕ್ಕವನ್ನೂ ಬೇರೆಯಾಗಿ ಹಾಕುತ್ತಾರೆ.

ಮಕ್ಕಳ ಲೆಕ್ಕವೂ ಬೇರೆಯೇ. ಮಿತಿಯ ಅಂಚಿನಲ್ಲಿರುವ, ಅಂದರೆ ಲೀಟರಿಗೆ ಅರ್ಧ ಮೈಕ್ರೋಗ್ರಾಂ ಎಂ1 ಇರುವ ಹಾಲು ಎಂದಿಟ್ಟುಕೊಳ್ಳೋಣ. 60 ಕಿಲೋ ತೂಗುವ ಅಪ್ಪ ಕಾಫಿಗೆಂದು ದಿನಕ್ಕೆ 200 ಮಿಲಿಲೀಟರ್ ಕುಡಿದರೆ ಅವರೊಳಗೆ ಹೋದದ್ದು 0.1 ಮೈಕ್ರೋಗ್ರಾಂ. ತೂಕದಿಂದ ಭಾಗಿಸಿದರೆ ಕಿಲೋಗೆ 0.0017. 20 ಕಿಲೋ ತೂಗುವ ತಂಗಿ ಎರಡು ಲೋಟ, 400 ಮಿಲಿಲೀಟರ್ ಕುಡಿದರೆ 0.2 ಮೈಕ್ರೋಗ್ರಾಂ, ಅವಳ ತೂಕದ ಕಿಲೋಗೆ 0.01. ಹಾಲು ಒಂದೇ, ತಂಗಿಯ ಪಾಲು ಅಪ್ಪನ ಆರು ಪಟ್ಟು! ದೊಡ್ಡವರ ಊಟದ ಲೆಕ್ಕವನ್ನು ಮಕ್ಕಳಿಗೆ ಹಚ್ಚಬಾರದು ಎನ್ನುವುದು ಇದಕ್ಕೆ.

ಹಾಗೆಂದು ಹಾಲಿನ ಲೋಟವನ್ನು ದೂರ ತಳ್ಳಬೇಡಿ. ಅಫ್ಲಾಟಾಕ್ಸಿನ್ ಬಹುಕಾಲ ದೇಹಕ್ಕೆ ಹೋಗುತ್ತಿದ್ದರೆ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು, ಅದು ನಿಜ. 'ಇಷ್ಟಾದರೆ ಪರವಾಗಿಲ್ಲ' ಎಂಬ ಗೆರೆ ಅದಕ್ಕಿಲ್ಲ. ಎಷ್ಟು ಕಡಿಮೆ ಮಾಡಲಾದೀತೋ ಅಷ್ಟು ಕಡಿಮೆ ಮಾಡಬೇಕು. ಯುರೋಪಿನ ದೇಶಗಳು ಹಾಲಿಗೆ ನಮಗಿಂತ ಹತ್ತು ಪಟ್ಟು ಬಿಗಿ ಮಿತಿ ಇಟ್ಟಿವೆ, 0.05 ಮೈಕ್ರೋಗ್ರಾಂ. ಎರಡು ಮಿತಿಗಳಲ್ಲಿ ಎಷ್ಟು ವ್ಯತ್ಯಾಸ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞರ ಸಮಿತಿ 2001ರಲ್ಲಿ ಲೆಕ್ಕ ಹಾಕಿತು. ಎರಡರಲ್ಲೂ ಕ್ಯಾನ್ಸರಿನ ಅಪಾಯ ತೀರಾ ಸಣ್ಣದು ಎಂದು ಬಂತು. ಬಿ1ಗೆ ಹೋಲಿಸಿದರೆ ಕ್ಯಾನ್ಸರ್ ತರುವ ಎಂ1ನ ಶಕ್ತಿ ಹತ್ತರಲ್ಲೊಂದು ಪಾಲು ಮಾತ್ರ. ಬೆಳೆಯುವ ಮಕ್ಕಳಿಗೆ ಹಾಲು ತಪ್ಪಿಸಿದರೆ ಆಗುವ ನಷ್ಟವನ್ನೂ ತಕ್ಕಡಿಯ ಇನ್ನೊಂದು ಬದಿಗೆ ಇಡಬೇಕಲ್ಲ. 'ಹಾಲಿನಲ್ಲಿ ವಿಷ!' ಎಂದು ದಪ್ಪಕ್ಷರದಲ್ಲಿ ಬರೆದು, ಎಷ್ಟು ಎಂದು ಒಂದು ಅಂಕಿಯನ್ನೂ ಕೊಡದ ಸುದ್ದಿಗಳನ್ನು ಕಂಡರೆ ನನಗೆ ರೇಗುತ್ತದೆ.

ಇಂಥ ಸಮಿತಿಗಳಿಗೆ ಅಂಕಿಗಳು ಎಲ್ಲಿಂದ ಸಿಗುತ್ತವೆ ಎನ್ನುವಿರೇನು? ವಿಶ್ವ ಆರೋಗ್ಯ ಸಂಸ್ಥೆ 1976ರಲ್ಲಿ ಜೆಮ್ಸ್ ಫುಡ್ ಎಂಬ ಯೋಜನೆ ಆರಂಭಿಸಿತು. ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳು ತಮ್ಮ ಫಲಿತಾಂಶಗಳನ್ನು ಅಲ್ಲಿಗೆ ಕಳಿಸುತ್ತವೆ. ಕಳಿಸುವಾಗ ಎಚ್ಚರ ಬೇಕು. ಮೈಕ್ರೋಗ್ರಾಂ ಇರಬೇಕಾದಲ್ಲಿ ಮಿಲಿಗ್ರಾಂ ಎಂದು ಬರೆದರೆ ಉತ್ತರ ಸಾವಿರ ಪಟ್ಟು ಕೆಡುತ್ತದೆ. 'ಹಾಲು' ಎಂದಷ್ಟೇ ಬರೆದು ಪರೀಕ್ಷಿಸಿದ್ದು ಹಾಲಿನ ಪುಡಿಯಾಗಿದ್ದರೆ? ನೀರು ಹೋಗಿ ಗಟ್ಟಿಯಾದ ಪುಡಿಯಲ್ಲಿ ಅಂಕಿ ತಾನಾಗಿ ಏರಿರುತ್ತದೆ. ಯಾವ ತಿಂಗಳಲ್ಲಿ ತೆಗೆದ ಮಾದರಿ ಎಂಬುದೂ ಬೇಕು, ಮಳೆಗಾಲದ ಹಿಂಡಿಗೂ ಬೇಸಿಗೆಯ ಹಿಂಡಿಗೂ ವ್ಯತ್ಯಾಸವಿದೆ. ಇಂಥ ವಿವರ ಇಲ್ಲದ ಅಂಕಿ ಎಷ್ಟೇ ನಿಖರವಾಗಿದ್ದರೂ ಕೆಲಸಕ್ಕೆ ಬರುವುದಿಲ್ಲ.

ಸಮಸ್ಯೆ ಮೇವಿನಲ್ಲಿದೆ ಎಂದು ಅಂಕಿಗಳು ತೋರಿಸಿದ ಮೇಲೆ ದಾರಿಯೂ ಕಾಣುತ್ತದೆ. ಸಿದ್ಧ ಪಶು ಆಹಾರದಲ್ಲಿ ಕಿಲೋಗೆ 20 ಮೈಕ್ರೋಗ್ರಾಮಿಗಿಂತ ಹೆಚ್ಚು ಬಿ1 ಇರಬಾರದು ಎಂದು ಭಾರತೀಯ ಮಾನಕ ಬ್ಯೂರೋ ಹೇಳುತ್ತದೆ. ಹಸು ದಿನಕ್ಕೆ ಅಂಥ 5 ಕಿಲೋ ಆಹಾರ ತಿಂದರೆ 100 ಮೈಕ್ರೋಗ್ರಾಂ ಬಿ1. ಅದರಲ್ಲಿ ನೂರಕ್ಕೆ ಎರಡು ಪಾಲು ಹಾಲಿಗೆ ಬಂದರೆ 2 ಮೈಕ್ರೋಗ್ರಾಂ. ಹಸು 10 ಲೀಟರ್ ಕರೆದರೆ ಲೀಟರಿಗೆ 0.2, ಮಿತಿಯೊಳಗೇ ಆಯಿತು. ಆ ಆಹಾರದಲ್ಲಿ 20ರ ಬದಲು 100 ಇದ್ದರೆ? ಈ ಲೆಕ್ಕ ನಿಮಗೆ ಬಿಟ್ಟಿದ್ದೇನೆ.

ಬೂಷ್ಟು ಹೊಲದಲ್ಲೇ ಶುರುವಾಗಬಹುದು. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಬಾಡಿದ ಗಿಡದ ಕಾಯಿಯನ್ನು ಅದು ಸುಲಭವಾಗಿ ಹೊಗುತ್ತದೆ. ಚಳ್ಳಕೆರೆ, ಪಾವಗಡದ ಕಡೆಯ ಮಳೆಯಾಶ್ರಿತ ಕಡಲೆಕಾಯಿಗೆ ಈ ಅಪಾಯ ಹೆಚ್ಚು. ಕಿತ್ತ ಕಾಯಿಯನ್ನು ಬೇಗ ಚೆನ್ನಾಗಿ ಒಣಗಿಸಬೇಕು, ಒಡೆದ ಕಾಯಿಗಳನ್ನು ಆರಿಸಿ ತೆಗೆಯಬೇಕು. ಕಡಲೆಬೀಜ ತಿನ್ನುವಾಗ ಮುರುಟಿದ, ಬಣ್ಣಗೆಟ್ಟ, ಕಹಿಯಾದ ಬೀಜ ಸಿಕ್ಕರೆ ನುಂಗಬೇಡಿ, ಉಗಿದುಬಿಡಿ.

ಮನೆಯಲ್ಲಿ ಹಸುವಿರುವ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ಹಿಂಡಿಯ ಮೂಟೆ ಒದ್ದೆ ನೆಲದ ಮೇಲೋ, ಸೋರುವ ಗೋಡೆಗೆ ಒರಗಿಯೋ ಇದ್ದರೆ ಅಪ್ಪ ಅಮ್ಮನಿಗೆ ಹೇಳಿ ಹಲಗೆಯ ಮೇಲಿಡಿಸಿ. ಹಸಿರು, ಹಳದಿ ಬೂಷ್ಟು ಕಂಡರೆ ಆ ಹಿಂಡಿಯನ್ನು ಹಸುವಿಗೆ ಇಡಬೇಡಿ. ಕೆಟ್ಟ ಮೇವು ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲೇ ಹಾಲಿನಲ್ಲಿ ಎಂ1 ಬಹುಮಟ್ಟಿಗೆ ಇಳಿದುಹೋಗುತ್ತದೆ.